ಹೆದರಿಕೆ ಇರುವುದು ಊರೊಳಗೆ: ಹೊಸ ಓದುಗರಿಗೊಂದು ಕೈಪಿಡಿ

ಜನಪದ ನಂಬಿಕೆಯ ಮೇಲೆ ನಿಂತ ಭಯದ ಕಾದಂಬರಿಯನ್ನು ಮೊದಲ ಸಲ ಹಿಡಿದವರು ದೆವ್ವ ಯಾವಾಗ ಬರುತ್ತದೆಂದು ಕಾಯುತ್ತ ಪುಟ ತಿರುವುತ್ತಾರೆ. ಅರ್ಧ ಪುಸ್ತಕ ಮುಗಿದರೂ ಬರದಿದ್ದರೆ ಬೇಸರಪಟ್ಟು ಬದಿಗಿಡುತ್ತಾರೆ. ಅಂಥವರಿಗೆ ನನ್ನ ಮೊದಲ ಮಾತು ಇಷ್ಟೇ: ಕಣ್ಣು ಊರಿನ ಮೇಲಿರಲಿ. ಯಾರು ಯಾರ ಮನೆಗೆ ಹೋಗುವುದನ್ನು ಬಿಟ್ಟರು, ಕಟ್ಟೆಯ ಮೇಲೆ ಯಾರ ಹೆಸರು ಪದೇ ಪದೇ ಬರುತ್ತಿದೆ ಎಂಬುದನ್ನು ಗಮನಿಸಿ.

ಓದಲು ಶುರು ಮಾಡುವುದಾದರೆ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ (1972) ತೆಗೆದುಕೊಳ್ಳಿ. ಇದನ್ನು ಭಯದ ಕಾದಂಬರಿ ಎಂದು ಕರೆಯುವ ರೂಢಿಯಿಲ್ಲ. ಆದರೂ ಕನ್ನಡದಲ್ಲಿ ಈ ಬಗೆಗೆ ಇದಕ್ಕಿಂತ ಒಳ್ಳೆಯ ಕೃತಿಯನ್ನು ನಾನು ಓದಿಲ್ಲ. ಬಂಧುಗಳ ಮನೆಯಲ್ಲಿರುವ ಕಿಟ್ಟಿ ಎಂಬ ಹುಡುಗನ ಕಿವಿಗೆ ಒಂದು ಮಾತು ಬೀಳುತ್ತದೆ: ಕಾಡಿನಲ್ಲೊಂದು ಹಕ್ಕಿಯಿದೆ, ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ. ಹುಡುಗ ಆ ಹಕ್ಕಿಗೆ ಹೆದರುತ್ತಾನೆ. ಅತ್ತ ಮನೆಯ ಯಜಮಾನ ಚಂದ್ರೇಗೌಡನಿಗೆ ಪಕ್ಕದೂರಿನ ಹೆಣ್ಣಿನ ನಂಟು, ಹೆಂಡತಿ ಕಮಲಿಗೆ ಒಳಗೊಳಗೇ ಸಂಕಟ, ಎರಡು ಊರುಗಳ ನಡುವೆ ಹಗೆ. ಹಕ್ಕಿ ಯಾರನ್ನೂ ಮುಟ್ಟುವ ಮೊದಲೇ ಮನುಷ್ಯರು ಮನುಷ್ಯರನ್ನು ಹಾಳುಮಾಡುತ್ತಿರುತ್ತಾರೆ. ಕಿಟ್ಟಿಗೆ ಕಾಣುತ್ತದೆ, ಅರ್ಥವಾಗುವುದಿಲ್ಲ. ನಮಗೆ ಅವನಿಗಿಂತ ಮೊದಲೇ ಅರ್ಥವಾಗಿಬಿಡುತ್ತದೆ. ಆಲನಹಳ್ಳಿಯವರು ಭಯವನ್ನು ಕೂರಿಸಿರುವುದು ಆ ಅಂತರದಲ್ಲಿ. ಹಾಗಾಗಿ ಬೇಗ ಓದಬೇಡಿ. ಹುಡುಗ ಎಲ್ಲಿ ನಿಂತು ನೋಡುತ್ತಿದ್ದಾನೆ, ದೊಡ್ಡವರು ಅವನ ಮುಂದೆ ಯಾವ ಮಾತನ್ನು ಅರ್ಧಕ್ಕೆ ನುಂಗುತ್ತಾರೆ ಎಂದು ನೋಡಿಕೊಳ್ಳುತ್ತ ಹೋಗಿ. ಇದನ್ನಾಧರಿಸಿದ ಗಿರೀಶ ಕಾರ್ನಾಡರ ಸಿನಿಮಾ 1973ರಲ್ಲಿ ಬಂತು. ಈ ಬಗೆಯ ಹೆಸರಾಂತ ಬ್ರಿಟಿಷ್ ಚಿತ್ರ ‘ದಿ ವಿಕರ್ ಮ್ಯಾನ್’ ತೆರೆಕಂಡದ್ದೂ ಅದೇ ವರ್ಷ.

ಜಾಗವನ್ನೂ ಪಾತ್ರದಂತೆ ಓದಬೇಕು. ಬೀದರಿನವರಿಗೆ ಇದು ಕಷ್ಟವಲ್ಲ. ನರಸಿಂಹ ಝರಣಿಯ ಸುರಂಗದಲ್ಲಿ ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು. ಸುಮಾರು 300 ಮೀಟರ್ ಹಾಗೆ ನಡೆದರೆ ಕೊನೆಗೆ ದೇವರು. ನರಸಿಂಹನಿಂದ ಹತನಾದ ಅಸುರನೇ ನೀರಾಗಿ ಹರಿಯುತ್ತಿದ್ದಾನೆ ಎಂಬುದು ಸ್ಥಳಪುರಾಣ. ಅಲ್ಲಿ ಭಕ್ತಿಯನ್ನೂ ಅಂಜಿಕೆಯನ್ನೂ ಬೇರೆ ಮಾಡಲು ಬರುವುದಿಲ್ಲ. ಒಳ್ಳೆಯ ಕಾದಂಬರಿಕಾರ ಬೇರೆ ಮಾಡಲು ಹೋಗುವುದೂ ಇಲ್ಲ.

ಹೊಸಬರು ಮುಖ್ಯವಾಗಿ ತಪ್ಪುವುದು ಇಲ್ಲೇ: ಜನಪದ ನಂಬಿಕೆಯೆಲ್ಲ ಕೇಡಿನದು ಎಂದುಕೊಳ್ಳುತ್ತಾರೆ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಭಂಡಾರ ಹಾರುವಾಗ ನಿಂತು ನೋಡಿ. ಎಳ್ಳಮಾಸಿಯ ದಿನ ಹೊಲಕ್ಕೆ ಹೋಗಿ ಅಂಬಲಿ, ಭಜ್ಜಿ ಉಂಡು, ಭೂಮಿಯ ಪಾಲೆಂದು ಚರಗ ಚೆಲ್ಲುವ ಮನೆಗಳನ್ನು ನೋಡಿ. ಈ ಸಂತೋಷವನ್ನು ಬರೆಯಲಾರದವನು ನಂಬಿಕೆಯ ಕತ್ತಲನ್ನೂ ಬರೆಯಲಾರ. ಚಂದ್ರಶೇಖರ ಕಂಬಾರರ ‘ಕರಿಮಾಯಿ’ (1975) ಗೆಲ್ಲುವುದು ಇದೇ ಬಲದಿಂದ. ಶಿವಾಪುರವನ್ನೂ ಅದರ ದೇವಿಯನ್ನೂ ಅವರು ಮನಸಾರೆ ಪ್ರೀತಿಸುತ್ತಾರೆ. ಆದ್ದರಿಂದ ಊರು ಕೆಡುವಾಗ ನಮ್ಮ ಎದೆ ನಡುಗುತ್ತದೆ. ಯಂಡಮೂರಿಯವರ ತೆಲುಗು ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮಾತಾಯಿತು, 1985ರಲ್ಲಿ ಸಿನಿಮಾ ಕೂಡ ಆಯಿತು. ರಾತ್ರಿ ನಿದ್ದೆಗೆಡಿಸುವ ಶಕ್ತಿ ಅದಕ್ಕಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ಭಯವೆಲ್ಲ ಮಾಟದ್ದು. ಊರಿನ ಜನರ ಪಾಲೆಷ್ಟು ಎಂಬ ಪ್ರಶ್ನೆಗೆ ಅದು ಇಳಿಯುವುದಿಲ್ಲ.

ಆ ಪ್ರಶ್ನೆ ನಮ್ಮ ಬೀದರ ಜಿಲ್ಲೆಗೆ ಬೇಕೇ ಬೇಕು. 2018ರ ಜುಲೈನಲ್ಲಿ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್‌ನನ್ನು ಗುಂಪು ಹೊಡೆದು ಕೊಂದಿತು. ಆತನೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಓಡಿ, ಮುಂದಿನೂರಿನಲ್ಲಿ ಜನ ದಾರಿ ಕಟ್ಟಿ ನಿಂತಿದ್ದರು. ಕತ್ತಲಿಲ್ಲ, ಮಂತ್ರವಿಲ್ಲ, ದೆವ್ವವಿಲ್ಲ. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ನಂಬಿದ ಜನ. ಅಮೆರಿಕದ ಶರ್ಲಿ ಜಾಕ್ಸನ್ 1948ರಲ್ಲಿ ಬರೆದ ‘ದಿ ಲಾಟರಿ’ ಕಥೆಯಲ್ಲೂ ನೆರೆಹೊರೆಯವರೇ ಕಲ್ಲು ಎತ್ತಿಕೊಳ್ಳುತ್ತಾರೆ. ಮುರ್ಕಿಯ ನೆನಪಿಟ್ಟುಕೊಂಡು ಅದನ್ನು ಓದಿದವರು ಅದನ್ನು ಬರೀ ಕಲ್ಪನೆ ಎನ್ನಲಾರರು.

ಗುಂಪು ಸೇರುವ ದೃಶ್ಯ ಬಂದಾಗಲೆಲ್ಲ ನಿಧಾನಿಸಿ. ಮೊದಲು ಯಾರು ಮಾತಾಡಿದರು, ಯಾರು ಸುಮ್ಮನಿದ್ದರು, ತಡೆಯಬಹುದಾಗಿದ್ದವರು ಎಲ್ಲಿದ್ದರು ಎಂದು ಹುಡುಕಿ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಆಲನಹಳ್ಳಿಯವರದು ಮೈಸೂರು ಸೀಮೆಯ ಮಾತು, ‘ಗಾಳಿ ಬಡದದ’, ‘ಮಾಟ ಮಾಡ್ಸ್ಯಾರ’ ಎನ್ನುವ ನಮ್ಮ ಕಿವಿಗೆ ಕಣ್ಣೋದಿನಲ್ಲಿ ಅದರ ಲಯ ದಕ್ಕುವುದಿಲ್ಲ.

‘ಕಾಡು’ ಮುಗಿಸಿ ‘ಕರಿಮಾಯಿ’ಗೆ ಹೋಗಿ. ಅದಾದ ಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಭಾನಾಮತಿ ಎಂಬ ಮಾಟದ ಕಥೆ ಹೇಳಿಸಿ. ಮನೆಯ ಮೇಲೆ ಕಲ್ಲು ಬಿದ್ದದ್ದು, ಬಟ್ಟೆ ತಾನೇ ಹೊತ್ತಿಕೊಂಡದ್ದು ಎಲ್ಲವನ್ನೂ ಅವರು ರಂಗಾಗಿ ಹೇಳುತ್ತಾರೆ. ಪೂರ್ತಿ ಕೇಳಿ, ನಡುವೆ ವಾದ ಮಾಡಬೇಡಿ. ಮುಗಿದ ಮೇಲೆ ಒಂದನ್ನು ಮಾತ್ರ ಕೇಳಿ: ಆಗ ಊರು ಯಾರ ಮೇಲೆ ಬೆರಳು ತೋರಿಸಿತು, ಆಮೇಲೆ ಅವರೇನಾದರು?