ಡ್ರೋನ್ ಕೊಳ್ಳುವ ಮುನ್ನ ಒಂದು ತಕ್ಕಡಿ ಕೊಳ್ಳಿ

ಹವ್ಯಾಸಕ್ಕಾಗಿ ಡ್ರೋನ್ ಹಾರಿಸಬಯಸುವ ಹೊಸಬರಿಗೆಂದು ಬರೆದ ಲೇಖನಗಳನ್ನೂ ಪೆಟ್ಟಿಗೆಯೊಳಗೆ ಬರುವ ಕೈಪಿಡಿಗಳನ್ನೂ ನೀವು ನೋಡಿರಬಹುದು. ಬಹುಪಾಲು ಒಂದೇ ಅಚ್ಚಿನವು. ‘ಆರಂಭಿಸಲು ಏನೇನು ಬೇಕು?’ ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರ ಒಂದು ಖರೀದಿ ಪಟ್ಟಿ: ಡ್ರೋನ್, ರಿಮೋಟ್, ಎರಡು ಹೆಚ್ಚುವರಿ ಬ್ಯಾಟರಿ, ಬದಲಿ ರೆಕ್ಕೆಗಳು, ಮೆಮೊರಿ ಕಾರ್ಡು. ಈ ವಸ್ತುಗಳೆಲ್ಲ ಬೇಕು, ನಿಜ. ಆದರೆ ಆ ಪಟ್ಟಿಯಲ್ಲಿ ಭೌತವಿಜ್ಞಾನವಿಲ್ಲ, ನಮ್ಮ ಹೊಲದ ಮೇಲಿನ ಗಾಳಿಯಿಲ್ಲ, ಎಷ್ಟೋ ಸಲ ನಮ್ಮ ದೇಶದ ಕಾನೂನೂ ಇಲ್ಲ. ಇದೇ ನನ್ನ ಆಕ್ಷೇಪ.

ಗದಗ ಜಿಲ್ಲೆಯ ಯಾವಗಲ್ ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಣ್ಣೆಹಳ್ಳದ ಸೀಮೆಯ ಈ ಎರೆಭೂಮಿಯಲ್ಲಿ ಹಿಂಗಾರಿನ ಕಡಲೆ, ಬಿಳಿಜೋಳದ ಸುಗ್ಗಿ ಮುಗಿದರೆ ಕಣ್ಣು ಹಾಯುವವರೆಗೂ ಬರಿಯ ಬಯಲು. ಡ್ರೋನ್ ಕಲಿಯಲು ಇದಕ್ಕಿಂತ ಒಳ್ಳೆಯ ಮೈದಾನ ಸಿಗದು. ಇಲ್ಲಿನ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿ ಅಂತಹ ಪಟ್ಟಿಯನ್ನಷ್ಟೇ ನಂಬಿ ಹೊಲದ ಬದುವಿನ ಮೇಲೆ ನಿಂತರೆ ಏನಾದೀತು?

ತೂಕದ ಲೆಕ್ಕ

ಡ್ರೋನ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಎಂದು ಹೇಳಿ ಮುಗಿಸುವುದು ಸುಲಭ. ಒಂದು ಹೆಜ್ಜೆ ಮುಂದೆ ಹೋಗಿ. ಕೆಳಕ್ಕೆ ತಳ್ಳುವ ಗಾಳಿಯ ವೇಗ ಎರಡು ಪಟ್ಟಾದರೆ, ಪ್ರತಿ ಸೆಕೆಂಡಿಗೆ ತಳ್ಳಲ್ಪಡುವ ಗಾಳಿಯ ರಾಶಿಯೂ ಎರಡು ಪಟ್ಟಾಗುತ್ತದೆ. ಹೀಗಾಗಿ ನೂಕುಬಲ ನಾಲ್ಕು ಪಟ್ಟು, ಅದಕ್ಕೆ ಬೇಕಾದ ಸಾಮರ್ಥ್ಯ ಎಂಟು ಪಟ್ಟು. ಅಂದರೆ ನಿಂತಲ್ಲೇ ತೇಲಲು ಬೇಕಾದ ಸಾಮರ್ಥ್ಯವು ತೂಕದ 3/2 ಘಾತಕ್ಕೆ ಅನುಪಾತದಲ್ಲಿರುತ್ತದೆ.

ಸುಮಾರು 12 ಸೆಂ.ಮೀ. ವ್ಯಾಸದ ನಾಲ್ಕು ರೆಕ್ಕೆಗಳಿರುವ 250 ಗ್ರಾಂ ಡ್ರೋನ್ ತೇಲಲು ಆದರ್ಶ ಸ್ಥಿತಿಯಲ್ಲಿ ಹತ್ತಿರ ಹತ್ತಿರ 12 ವ್ಯಾಟ್ ಸಾಕು. ಮೋಟಾರು, ರೆಕ್ಕೆಗಳ ನಷ್ಟ ಸೇರಿಸಿ ಇಮ್ಮಡಿ, 24 ವ್ಯಾಟ್ ಎನ್ನೋಣ. ಬ್ಯಾಟರಿ 7.4 ವೋಲ್ಟ್, 2000 ಮಿಲಿಆಂಪಿಯರ್-ಗಂಟೆಯದಾದರೆ ಅದರಲ್ಲಿ 14.8 ವ್ಯಾಟ್-ಗಂಟೆ ಶಕ್ತಿಯಿದೆ. ಪೂರ್ತಿ ಬರಿದು ಮಾಡಿದರೆ ಲಿಥಿಯಂ ಕೋಶ ಕೆಡುವುದರಿಂದ ಬಳಕೆಗೆ ಸಿಗುವುದು 12. ಹಾರಾಟದ ಅವಧಿ ಅರ್ಧ ಗಂಟೆ. ಈಗ ಅದರ ಹೊಟ್ಟೆಗೆ 100 ಗ್ರಾಮಿನ ಇನ್ನೊಂದು ಕ್ಯಾಮೆರಾ ಕಟ್ಟಿ. ತೂಕ 1.4 ಪಟ್ಟು, ಸಾಮರ್ಥ್ಯ ಸುಮಾರು 1.66 ಪಟ್ಟು, ಅಂದರೆ 40 ವ್ಯಾಟ್. ಅವಧಿ 18 ನಿಮಿಷಕ್ಕೆ ಇಳಿಯಿತು. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿರುವ ಈ ಬಯಲಿನ ಏಪ್ರಿಲ್ ಬಿಸಿಲಿಗೆ ಗಾಳಿಯ ಸಾಂದ್ರತೆ ತಗ್ಗುವುದರಿಂದ ಇನ್ನಷ್ಟು ಖೋತಾ. ಪೆಟ್ಟಿಗೆಯ ಮೇಲೆ ಅಚ್ಚಾದ ನಿಮಿಷಗಳ ಸಂಖ್ಯೆ ಇದಾವುದನ್ನೂ ಹೇಳುವುದಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಹೇಳುತ್ತದೆ.

ಗಾಳಿಯ ಲೆಕ್ಕ

ಪಟ್ಟಿಗಳ ಅತಿ ದೊಡ್ಡ ಲೋಪ ಇದು. ‘ಗಾಳಿ ಕಡಿಮೆಯಿರುವಾಗ ಹಾರಿಸಿ’ ಎಂಬ ಒಂದು ವಾಕ್ಯಕ್ಕೆ ಅವು ತೃಪ್ತಿಪಟ್ಟುಕೊಳ್ಳುತ್ತವೆ. ಗಾಳಿಯಂತ್ರಗಳು ತಿರುಗುವ ಗದಗ ಜಿಲ್ಲೆಯಲ್ಲಿ ಇಷ್ಟು ಸಾಲದು.

ಗಿಡದ ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಅಲುಗುತ್ತಿದ್ದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 5 ಮೀಟರ್ ಎಂದು ತಿಳಿಯಿರಿ. ಅದು ನಿಮ್ಮ ತಲೆಯ ಮಟ್ಟದಲ್ಲಿ. ನೆಲದ ಘರ್ಷಣೆ ತಪ್ಪಿದಂತೆ ವೇಗ ಏರುತ್ತದೆ. ಬಯಲಿನಲ್ಲಿ ಸಾಮಾನ್ಯವಾಗಿ ಬಳಸುವ 1/7 ಘಾತದ ಸೂತ್ರದಂತೆ 40 ಮೀಟರ್ ಎತ್ತರದಲ್ಲಿ ಅದು 8 ಮೀಟರಿಗೆ ಹತ್ತಿರ. ನಿಮ್ಮ ಡ್ರೋನಿನ ಗರಿಷ್ಠ ವೇಗ ಸೆಕೆಂಡಿಗೆ 10 ಮೀಟರ್ ಎಂದಿರಲಿ. ಗಾಳಿಯ ಜೊತೆ 30 ಸೆಕೆಂಡು ಹಾರಿಸಿದರೆ ಅದು 540 ಮೀಟರ್ ದೂರ ಹೋಗಿ ಕಣ್ಣಿಗೆ ಚುಕ್ಕೆಯೂ ಆಗದು. ಮರಳಿ ಬರುವಾಗ ನೆಲಕ್ಕೆ ಸಾಪೇಕ್ಷವಾಗಿ ಅದರ ವೇಗ ಕೇವಲ 2 ಮೀಟರ್. ಬೇಕಾಗುವುದು ನಾಲ್ಕೂವರೆ ನಿಮಿಷ. ಹೋದದ್ದಕ್ಕಿಂತ ಬರಲು ಒಂಬತ್ತು ಪಟ್ಟು ಸಮಯ! ಬ್ಯಾಟರಿ ಅಷ್ಟರಲ್ಲಿ ಮುಗಿದರೆ ಡ್ರೋನ್ ಯಾರದೋ ಹೊಲದಲ್ಲಿ ಬೀಳುತ್ತದೆ.

ಶಿಕ್ಷಕರೇ, ಇದು ನೀವು ಪ್ರತಿವರ್ಷ ಕಲಿಸುವ ದೋಣಿ ಮತ್ತು ಹೊಳೆಯ ಲೆಕ್ಕವೇ. ಅದರಿಂದ ಹೊರಡುವ ನಿಯಮ ಒಂದೇ ಸಾಲಿನದು: ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆ ಮರಳಿ ಬನ್ನಿ.

‘250 ಗ್ರಾಂ ಒಳಗಿದ್ದರೆ ಚಿಂತೆಯಿಲ್ಲ’

ಇದು ಈಚೆಗೆ ಎಲ್ಲೆಡೆ ಕೇಳಿಬರುವ ಸಲಹೆ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನವು ನ್ಯಾನೊ, ಅಲ್ಲಿಂದ 2 ಕಿಲೋವರೆಗಿನವು ಮೈಕ್ರೊ. ನ್ಯಾನೊ ಡ್ರೋನಿಗೂ, ವಾಣಿಜ್ಯೇತರ ಬಳಕೆಯ ಮೈಕ್ರೊ ಡ್ರೋನಿಗೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಮೈಕ್ರೊ ಆದರೆ ನೋಂದಣಿಯೂ ವಿಶಿಷ್ಟ ಗುರುತಿನ ಸಂಖ್ಯೆಯೂ ಬೇಕು. ಮೇಲಿನ ಉದಾಹರಣೆಯಲ್ಲಿ ಕ್ಯಾಮೆರಾ ಕಟ್ಟಿದ ವಿದ್ಯಾರ್ಥಿ ತನಗೆ ಅರಿವಿಲ್ಲದೆಯೇ ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿಬಿಟ್ಟ!

ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಬಹುದು. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೂರವಿರುವ ಯಾವಗಲ್‌ಗೆ ನಿಲ್ದಾಣದ ಸುತ್ತಲಿನ 12 ಕಿ.ಮೀ.ಗಳ ನಿರ್ಬಂಧ ತಟ್ಟದು. ಹಾಗೆಂದು ನಕ್ಷೆ ನೋಡದೆ ಹಾರಿಸಬಾರದು. ಕೆಂಪು ವಲಯದ ನಿರ್ಬಂಧದಿಂದ ನ್ಯಾನೊ ಡ್ರೋನಿಗೂ ವಿನಾಯಿತಿಯಿಲ್ಲ. ಇನ್ನೊಂದು ಮಾತು: ಎಷ್ಟೋ ಪಟ್ಟಿಗಳು ಶಿಫಾರಸು ಮಾಡುವುದು ವಿದೇಶಿ ಡ್ರೋನುಗಳನ್ನು. 2022ರ ಫೆಬ್ರವರಿ 9ರಂದು ಭಾರತ ಸರ್ಕಾರ, ರಕ್ಷಣೆ ಮತ್ತು ಸಂಶೋಧನೆಯಂತಹ ಕೆಲವು ಉದ್ದೇಶಗಳನ್ನು ಬಿಟ್ಟು, ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ.

ಇನ್ನು, ಹಗುರವಾದದ್ದು ನಿರಪಾಯಕಾರಿ ಎಂಬ ನಂಬಿಕೆ. 250 ಗ್ರಾಂ ಡ್ರೋನ್ 40 ಮೀಟರ್ ಮೇಲಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಿಸದಿದ್ದಲ್ಲಿ, ಅದರ ಚಲನಶಕ್ತಿ 98 ಜೂಲ್. ಹತ್ತು ಮೀಟರ್ ಎತ್ತರದಿಂದ ಒಂದು ಕಿಲೋ ಕಲ್ಲು ಬಿದ್ದಷ್ಟು. ಗಾಳಿಯ ತಡೆಯಿಂದ ಇದು ತಗ್ಗೀತು, ಆದರೂ ಮಕ್ಕಳ ತಲೆಯ ಮೇಲೆ ಹಾರಿಸುವ ವಸ್ತು ಇದಲ್ಲ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ 12 ಸೆಂ.ಮೀ. ರೆಕ್ಕೆಯ ತುದಿಯ ವೇಗ ಗಂಟೆಗೆ 200 ಕಿ.ಮೀ.ಗೂ ಹೆಚ್ಚು. ಬೆರಳು ಕೊಯ್ಯಲು ಅಷ್ಟು ಸಾಕು.

ಹಾಗಾದರೆ ಏನು ಬೇಕು?

ಮೊದಲು ತಕ್ಕಡಿ, ಪುಸ್ತಕ, ಪೆನ್ಸಿಲ್. ನಂತರ ರೆಕ್ಕೆಗೆ ರಕ್ಷಾಕವಚವಿರುವ ಅಗ್ಗದ ಪುಟ್ಟ ಡ್ರೋನ್. ಜಿಪಿಎಸ್ ಇಲ್ಲದ್ದಾದರೆ ಒಳ್ಳೆಯದು. ಜಿಪಿಎಸ್ ಡ್ರೋನ್ ತಾನೇ ಸ್ಥಿರವಾಗಿ ನಿಲ್ಲುವುದರಿಂದ ಹೊಸಬರ ಬೆರಳುಗಳು ಏನನ್ನೂ ಕಲಿಯುವುದಿಲ್ಲ. ಉಪಗ್ರಹ ಸಂಕೇತ ತಪ್ಪಿದ ಕ್ಷಣ ಕೈಕಾಲು ಆಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಒಂದೇ ಎತ್ತರದಲ್ಲಿ ನಿಲ್ಲಿಸುವುದನ್ನು ಕಲಿಯಿರಿ. ಬಳಿಕ ಡ್ರೋನಿನ ಮೂತಿ ನಿಮ್ಮ ಕಡೆಗೆ ತಿರುಗಿಸಿ ಅದನ್ನೇ ಮಾಡಿ. ಆಗ ಎಡಬಲ ಅದಲುಬದಲಾಗುತ್ತದೆ, ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಬ್ಯಾಟರಿಯನ್ನು ಕಣ್ಣೆದುರೇ ಚಾರ್ಜ್ ಮಾಡಿ, ಉಬ್ಬಿದ ಕೋಶವನ್ನು ಮತ್ತೆ ಬಳಸಬೇಡಿ. ಬಯಲಿಗೆ ಹೋಗುವುದು ಆಮೇಲೆ, ಗಾಳಿ ಏಳುವ ಮುನ್ನ ಬೆಳಗಿನ ಹೊತ್ತು. ವಿದ್ಯುತ್ ತಂತಿ ದೂರದಿಂದ ಕಾಣದು. ಕಂಬಗಳನ್ನು ನೋಡಿ ಅದರ ಸಾಲನ್ನು ಮನಸ್ಸಿನಲ್ಲೇ ಎಳೆದುಕೊಳ್ಳಿ.

ಇಷ್ಟು ಲೆಕ್ಕ ಹವ್ಯಾಸಕ್ಕೆ ಹೆಚ್ಚಾಯಿತೆ? 2020ರಲ್ಲಿ ನಮ್ಮ ರಾಜ್ಯದ ಮಾಧ್ಯಮಗಳು ಹಳೆಯ ಎಲೆಕ್ಟ್ರಾನಿಕ್ ತ್ಯಾಜ್ಯದಿಂದ ನೂರಾರು ಡ್ರೋನ್ ತಯಾರಾದ ಕಥೆಯೊಂದನ್ನು ಹಾಡಿ ಹೊಗಳಿದ್ದವು. ಪರಿಶೀಲಿಸಿದವರಿಗೆ ಆಧಾರ ದೊರೆಯಲಿಲ್ಲ. ‘ತೂಕವೆಷ್ಟು? ಬ್ಯಾಟರಿಯ ಶಕ್ತಿಯೆಷ್ಟು? ಎಷ್ಟು ನಿಮಿಷ ಹಾರಿತು?’ ಎಂಬ ಮೂರು ಪ್ರಶ್ನೆಗಳನ್ನು ಮೊದಲ ದಿನವೇ ಕೇಳಿದ್ದರೆ ನಾವು ಅಷ್ಟು ದೂರ ಮೋಸಹೋಗುತ್ತಿರಲಿಲ್ಲ. ನಿಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಡ್ರೋನ್ ಬಂದ ದಿನ ಅದನ್ನು ಹಾರಿಸುವ ಮೊದಲು ಮಕ್ಕಳ ಕೈಯಲ್ಲಿ ತೂಗಿಸಿ, ಎಷ್ಟು ಹೊತ್ತು ಹಾರೀತೆಂದು ಬರೆಸಿ. ನಂತರ ಗಡಿಯಾರ ಹಿಡಿದು ಹಾರಿಸಿ, ಎರಡು ಸಂಖ್ಯೆಗಳ ನಡುವಿನ ಅಂತರವೇಕೆಂದು ಅವರನ್ನೇ ಕೇಳಿ.