ಗಡುವು ಹೂವಿನದು: ಭಟ್ಕಳ ಮಲ್ಲಿಗೆಯ ಕಟ್ಟನ್ನು ವಿನ್ಯಾಸವಾಗಿ ನೋಡಿದಾಗ

ವಿನ್ಯಾಸದ ಕಾಲೇಜುಗಳಲ್ಲಿ ಪ್ಯಾಕೇಜಿಂಗ್ ಸ್ಪರ್ಧೆ ಈಗ ಮಾಮೂಲು. ನಾಲ್ಕೈದು ಜನರ ತಂಡ, ಒಂದು ಸರಕು, ಕೆಲವೇ ಗಂಟೆಗಳ ಗಡುವು. ಸಮಯ ಮುಗಿದಾಗ ಮೇಜಿನ ಮೇಲೆ ಚೆಂದದ ಪೆಟ್ಟಿಗೆಯೊಂದು ಇರಬೇಕು, ಅದನ್ನು ವಿವರಿಸಲು ತಂಡದಲ್ಲೊಬ್ಬ ಮಾತುಗಾರ ಇರಬೇಕು. ಭಟ್ಕಳ ತಾಲ್ಲೂಕಿನ ಶಿರಾಲಿ, ಮುರ್ಡೇಶ್ವರ ಕಡೆಯ ಮನೆಗಳಲ್ಲಿ ಮಲ್ಲಿಗೆಯ ಕಾಲ ಬಂತೆಂದರೆ ಇಂಥದೇ ಕೆಲಸ ದಿನಾ ಬೆಳಿಗ್ಗೆ ನಡೆಯುತ್ತದೆ. ಗಡುವು ಕೊಡುವುದು ಹೂವು. ಬೆಳಕು ಹರಿಯುವಾಗ ಕೊಯ್ದ ಮೊಗ್ಗು ಸಂಜೆಗೆ ಅರಳಿಯೇ ಅರಳುತ್ತದೆ. ಅಷ್ಟರೊಳಗೆ ಕೊಳ್ಳುವವರ ಕೈ ಸೇರಬೇಕು. ಈ ಕಟ್ಟನ್ನು ಪರಂಪರೆ ಎಂದು ಹೊಗಳಿ ಸುಮ್ಮನಾಗುವವರೇ ಹೆಚ್ಚು. ವಿನ್ಯಾಸವೆಂದೇ ಬಗೆದು ಅದನ್ನು ಒರೆಗೆ ಹಚ್ಚಿ, ಗೆದ್ದದ್ದನ್ನೂ ಸೋತದ್ದನ್ನೂ ಹೇಳಬೇಕು.

ಮೊದಲು ಸಾಮಗ್ರಿ. ಮೊಗ್ಗುಗಳನ್ನು ಒಂದಕ್ಕೊಂದು ಒತ್ತಿ ಹೆಣೆಯಲು ಬಾಳೆನಾರು, ದಂಡೆಯನ್ನು ಸುತ್ತಿಡಲು ಬಾಳೆಎಲೆ. ಎರಡೂ ಹಿತ್ತಲಲ್ಲೇ ಸಿಗುವಂಥವು. ಆದರೆ ಅವನ್ನು ಮೆಚ್ಚಲು ಅಗ್ಗ ಎಂಬ ಕಾರಣವೊಂದೇ ಸಾಲದು. ನೆನೆಸಿದ ನಾರು ತೊಟ್ಟಿನ ಬುಡದಲ್ಲಿ ತೇವ ಉಳಿಸುತ್ತದೆ, ಹತ್ತಿ ದಾರದಂತೆ ಎಳೆ ತೊಟ್ಟನ್ನು ಕೊಯ್ಯುವುದಿಲ್ಲ. ಎಲೆಯ ಮೇಣದ ಪದರ ಬಿಸಿಗಾಳಿ ತಾಗದಂತೆ ತಡೆಯುತ್ತದೆ. ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟ ಹೂವು ತನ್ನದೇ ಉಸಿರಿಗೆ ಬೆವೆತು ಕಂದುತ್ತದೆ. ಎಲೆಯೊಳಗೆ ಗಾಳಿ ಅಷ್ಟಿಷ್ಟು ಆಡುವುದರಿಂದ ಆ ಬಾಧೆ ಕಡಿಮೆ. ಬಸ್ಸು, ರೈಲು ಹತ್ತಿ, ಮಂಗಳೂರಿನಿಂದ ಕೊಲ್ಲಿ ದೇಶಗಳ ವಿಮಾನವನ್ನೂ ಏರುವ ಸರಕಿಗೆ ಇಷ್ಟು ಸರಳವಾದ ಹೊದಿಕೆ ಸಾಕಾಗುತ್ತದೆ. ಹಿಡಿದಿಡುವುದು, ಕಾಪಾಡುವುದು, ಸಾಗಣೆಗೆ ಒದಗುವುದು, ಈ ಮೂರರಲ್ಲೂ ಕಟ್ಟು ಗೆದ್ದಿದೆ.

ಇನ್ನು ತಂಡ. ಕೊಯ್ಯುವವರು ಒಬ್ಬರು, ಮೊಗ್ಗು ವಿಂಗಡಿಸುವವರು ಇನ್ನೊಬ್ಬರು, ಬಾಳೆಪಟ್ಟೆ ಸೀಳಿ ನಾರು ತೆಗೆಯುವವರು ಮತ್ತೊಬ್ಬರು. ಉಳಿದವರೆಲ್ಲ ಕಟ್ಟಲು ಕೂರುತ್ತಾರೆ, ಏಕೆಂದರೆ ಕೆಲಸ ನಿಲ್ಲುವುದು ಅಲ್ಲೇ. ಕೊಯ್ಲು ಎಷ್ಟೇ ಚುರುಕಾದರೂ ಕಟ್ಟುವ ಬೆರಳುಗಳು ಸಾಲದಿದ್ದರೆ ಹೂವು ಬುಟ್ಟಿಯಲ್ಲೇ ಬಾಡುತ್ತದೆ. ಉಡುಪಿಯ ಶಂಕರಪುರ ಕಡೆ ಒಂದು ಚೆಂಡು ಹೂವೆಂದರೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಗಿನ ಒಂದೆರಡು ತಾಸಿನಲ್ಲಿ ಎಷ್ಟು ಬೆರಳು ಬೇಕಾದೀತು ಎಂಬುದನ್ನು ಈ ಲೆಕ್ಕದಿಂದಲೇ ಊಹಿಸಬಹುದು. ಹಾಗಾಗಿ ಅಜ್ಜಿಯಿಂದ ಹಿಡಿದು ಶಾಲೆಗೆ ಹೊರಟ ಹುಡುಗಿಯವರೆಗೆ ಮನೆಯವರೆಲ್ಲ ಕೈ ಹಾಕುತ್ತಾರೆ; ಹೂವು ಹೆಚ್ಚಿದ ದಿನ ನೆರೆಯವರು ಕೂಲಿಗೆ ಕಟ್ಟಿಕೊಡುತ್ತಾರೆ. ಹೇಗೆ ಕಟ್ಟಬೇಕೆಂಬ ಚರ್ಚೆ ಇಲ್ಲಿ ಏಳುವುದೇ ಇಲ್ಲ. ವೇಗದ ಗುಟ್ಟು ಅದೇ.

ಸ್ಪರ್ಧೆಯ ತಂಡಕ್ಕೂ ಈ ತಂಡಕ್ಕೂ ಇರುವ ದೊಡ್ಡ ಅಂತರವೂ ಅಲ್ಲೇ. ಸರ್ಕಾರದ ಆಹ್ವಾನದ ಮೇಲೆ ಭಾರತಕ್ಕೆ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರ ತಮ್ಮ ವರದಿಯಲ್ಲಿ ನಮ್ಮ ಚೊಂಬನ್ನು ಎತ್ತಿಹಿಡಿದರು. ಅದನ್ನು ರೂಪಿಸಿದ್ದು ಯಾವನೋ ಒಬ್ಬನಲ್ಲ, ತಲೆಮಾರುಗಳು ಎಂಬುದು ಅವರ ತಿಳಿವು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಬೆನ್ನಿಗೇ. ಮಲ್ಲಿಗೆ ಕಟ್ಟಿಗೂ ಈ ಮಾತು ಒಪ್ಪುತ್ತದೆ: ತೀರ್ಮಾನಗಳೆಲ್ಲ ತಲೆಮಾರುಗಳ ನಿಧಾನದಲ್ಲಿ ಆಗಿಹೋಗಿವೆ, ಬೆಳಿಗ್ಗೆಗೆ ಉಳಿದಿರುವುದು ಕೈಚಳಕ ಮಾತ್ರ. ಸ್ಪರ್ಧೆಯಲ್ಲಾದರೋ ಯೋಚನೆ, ತೀರ್ಮಾನ, ತಯಾರಿ ಮೂರೂ ಅದೇ ಗಂಟೆಗಳಲ್ಲಿ ಮುಗಿಯಬೇಕು. ಗಡಿಬಿಡಿಯಲ್ಲಿ ಮೊದಲು ಕೈಬಿಟ್ಟುಹೋಗುವುದು ಪರೀಕ್ಷೆ. ಪೆಟ್ಟಿಗೆ ಮಳೆಯಲ್ಲಿ ನೆನೆದರೆ, ಹತ್ತು ಪೆಟ್ಟಿಗೆಗಳ ಅಡಿಗೆ ಸಿಕ್ಕರೆ ಏನಾದೀತೆಂದು ಕೇಳಲು ಯಾರಿಗೂ ಪುರಸೊತ್ತಿಲ್ಲ.

ಕುಮಟಾದ ಸಿಹಿ ಈರುಳ್ಳಿಯ ಕಟ್ಟು ಮಲ್ಲಿಗೆಯ ಕಟ್ಟಿಗಿಂತ ಒಂದು ಹೆಜ್ಜೆ ಮುಂದಿದೆ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಬಳಿ ಹೆದ್ದಾರಿ 66ರ ಬದಿಗೆ ಸಾಲಾಗಿ ತೂಗುಹಾಕಿದ ಗೊಂಚಲುಗಳಿಗೆ ಚೀಲವೇ ಬೇಕಿಲ್ಲ. ಗಡ್ಡೆಯ ಒಣ ಸೊಪ್ಪನ್ನೇ ಜಡೆ ಹೆಣೆದು ಕಟ್ಟಿರುತ್ತಾರೆ. ಅದು ಹಿಡಿಕೆಯೂ ಹೌದು, ಅಂಗಡಿಯ ಜಾಹೀರಾತೂ ಹೌದು, ಮನೆಗೆ ಒಯ್ದ ಮೇಲೆ ಗಾಳಿಗೆ ತೂಗುಹಾಕುವ ಕೊಕ್ಕೆಯೂ ಹೌದು. ಹೊನ್ನಾವರ ಸೀಮೆಯ ವೀಳ್ಯದೆಲೆಯ ಕಟ್ಟಿನಲ್ಲಿ ಇನ್ನೊಂದು ಜಾಣತನವಿದೆ: ಎಲೆ ಎಣಿಸಿಯೇ ಕಟ್ಟುವುದರಿಂದ ಕಟ್ಟೇ ಲೆಕ್ಕವಾಗುತ್ತದೆ. ಜಪಾನಿನ ಹಿದೆಯುಕಿ ಓಕಾ ಐದು ಮೊಟ್ಟೆಗಳನ್ನು ಹುಲ್ಲಿನಲ್ಲಿ ಕಟ್ಟುವ ತನ್ನ ನಾಡಿನ ಕ್ರಮವನ್ನು ಪುಸ್ತಕದ ಹೆಸರಾಗಿಸಿದ. 1967ರಲ್ಲಿ ಅದು ಇಂಗ್ಲಿಷಿನಲ್ಲೂ ಬಂದು ಜಗತ್ತಿನ ವಿನ್ಯಾಸಕಾರರ ಕಣ್ಣಿಗೆ ಬಿತ್ತು. ನಮ್ಮ ಕರಾವಳಿಯ ಕಟ್ಟುಗಳಿಗೂ ಅಂಥದೊಂದು ದಾಖಲೆ ಬೇಕು.

ಆದರೆ ಪ್ಯಾಕೇಜಿಂಗಿಗೆ ನಾಲ್ಕನೆಯ ಹೊಣೆಯೊಂದಿದೆ: ಒಳಗಿರುವುದು ಯಾವ ಊರಿನದು, ಯಾರದು ಎಂದು ಹೇಳುವುದು. ಮಲ್ಲಿಗೆ ಕಟ್ಟು ಇಲ್ಲಿ ಸೋಲುತ್ತದೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಭಟ್ಕಳ ಮಲ್ಲಿಗೆಯ ಹೆಸರು ವ್ಯಾಪಾರಿಯ ಬಾಯಲ್ಲಷ್ಟೇ ಇದೆ, ಎಲೆಯ ಮೇಲಿಲ್ಲ. ಹೆಸರಿಲ್ಲದ ಸರಕಿನ ಬೆಲೆಯನ್ನು ನಡುವಿನವರು ಹೇಳುತ್ತಾರೆ; ಮದುವೆ, ಹಬ್ಬಗಳಲ್ಲಿ ದರ ಏರಿದರೂ ಕಟ್ಟಿದ ಕೈಗೆ ಎಷ್ಟು ಬಂತೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಇನ್ನೊಂದು ಸೋಲು ಕೊನೆಯ ಗಳಿಗೆಯದು. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದರೂ, ಅಷ್ಟು ದೂರ ಬಾಳೆಎಲೆಯಲ್ಲಿ ಬಂದ ಹೂವು ಪೇಟೆಯಲ್ಲಿ ಮೊಳದ ಲೆಕ್ಕಕ್ಕೆ ತುಂಡಾಗಿ ತೆಳು ಕವರಿಗೆ ಬೀಳುವುದುಂಟು. ಸಗಟಿಗೆ ಪಕ್ಕಾ ಇರುವ ವಿನ್ಯಾಸ ಚಿಲ್ಲರೆಗೆ ಕೈಕೊಡುತ್ತದೆ. ಹೇಗೆ ಕಟ್ಟಬೇಕೆಂಬ ಮಾತೇ ಏಳದ ತಂಡದಲ್ಲಿ ಹೊಸ ಪ್ರಶ್ನೆಯೂ ಏಳುವುದಿಲ್ಲ. ವೇಗಕ್ಕೆ ತೆತ್ತ ಬೆಲೆ ಅದು.

ವಿನ್ಯಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಬಾಳೆಎಲೆಯನ್ನು ಬದಲಿಸಹೊರಟರೆ ಅದು ಉದ್ಧಟತನವಾದೀತು. ಊರಿನ ಹೆಸರನ್ನು ಕಟ್ಟುವ ಕೈಯನ್ನು ನಿಲ್ಲಿಸದೆ ಕಟ್ಟಿನೊಳಗೆ ಸೇರಿಸುವುದು ಹೇಗೆ, ಒಂದು ಮೊಳ ಹೂವನ್ನು ಕವರಿಲ್ಲದೆ ಕೊಡುವುದು ಹೇಗೆ, ಇವೆರಡೇ ಸವಾಲು ಸಾಕು. ಹೂವು ಕಡಿಮೆಯಾಗುವ ಮಳೆಗಾಲದಲ್ಲಿ ಕಟ್ಟುವ ಹೆಂಗಸರನ್ನೂ ತಂಡಕ್ಕೆ ಸೇರಿಸಿಕೊಂಡು, ಕೂಲಿ ಕೊಟ್ಟು, ತಿಂಗಳುಗಟ್ಟಲೆ ಯೋಚಿಸಲಿ; ಬೇಸಿಗೆಯ ಬೆಳಿಗ್ಗೆ ಗಡುವಿನೊಳಗೆ ಕಟ್ಟಿ ನೋಡಲಿ. ಅಂಕವನ್ನು ವೇದಿಕೆಯ ಮೇಲಿನ ವಿವರಣೆಗೆ ಕೊಡುವುದು ಬೇಡ. ಕಟ್ಟನ್ನು ಭಟ್ಕಳದಲ್ಲಿ ರೈಲು ಹತ್ತಿಸಿ, ಮುಂಬಯಿಯಲ್ಲಿ ಬಿಚ್ಚಿಸಿ, ಹೂವು ಕೊಂಡವರನ್ನೂ ಕಟ್ಟಿದವರನ್ನೂ ಕೇಳಿದ ಮೇಲೆ ಕೊಡಲಿ.