ಮಧ್ಯವನ್ನು ಬಿಟ್ಟುಕೊಡುವ ಧೈರ್ಯ: ಕಿಂಗ್ಸ್ ಇಂಡಿಯನ್ ಪರಂಪರೆಯ ಸತ್ವ ಮತ್ತು ಮಿತಿ

ಬಿಳಿಯವರು ಡಿ4 ಆಡಿದರೆ ಕಪ್ಪು ಕಾಯಿ ಹಿಡಿದವರು ಏನು ಉತ್ತರ ಕೊಡಬೇಕು? ಚೆಸ್ ಆಡುವ ನಾಲ್ಕು ಜನ ಸೇರಿದ ಕಡೆ ಈ ಮಾತು ಎದ್ದರೆ ಬೇಗ ಮುಗಿಯುವುದಿಲ್ಲ. ಒಬ್ಬರು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ ಗಟ್ಟಿತನವನ್ನು ಹೊಗಳುತ್ತಾರೆ. ಇನ್ನೊಬ್ಬರಿಗೆ ಸ್ಲಾವ್ ಬೇಕು, ಮತ್ತೊಬ್ಬರಿಗೆ ನಿಮ್ಜೊ ಇಂಡಿಯನ್. ಕಿಂಗ್ಸ್ ಇಂಡಿಯನ್ ಹೆಸರು ಬಂದೊಡನೆ ಮಾತ್ರ ದನಿ ಏರುತ್ತದೆ. ಇದಕ್ಕಿಂತ ರೋಚಕವಾದ ಡಿಫೆನ್ಸ್ ಇಲ್ಲ ಎನ್ನುವವರು ಒಂದು ಕಡೆ, ಇದು ಸೋಲನ್ನು ಕೈಬೀಸಿ ಕರೆಯುವ ಆಟ ಎನ್ನುವವರು ಇನ್ನೊಂದು ಕಡೆ. ಈಗ ಕಂಪ್ಯೂಟರ್ ಎಂಜಿನ್‌ಗಳೂ ಎರಡನೆಯವರ ಪರ ನಿಂತಿವೆ. ಈ ಓಪನಿಂಗ್ ಹಾಕಿದ ಕ್ಷಣವೇ ಬಿಳಿಯ ಮೇಲುಗೈಯನ್ನು ಅವು ದೊಡ್ಡದಾಗಿ ತೋರಿಸುತ್ತವೆ.

ಎಂಜಿನ್ ತೋರಿಸುವ ಅಂಕಿ ಸುಳ್ಳಲ್ಲ. ಆದರೆ ಒಂದು ಓಪನಿಂಗಿನ ಯೋಗ್ಯತೆಯನ್ನು ಹತ್ತನೇ ನಡೆಯ ಅಂಕಿಯಿಂದ ಅಳೆಯಬಾರದು. ಅದರಿಂದ ಎಂಥ ಮಧ್ಯದಾಟ ಹುಟ್ಟುತ್ತದೆ, ಆಡುವವರಿಂದ ಅದು ಏನನ್ನು ಕೇಳುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಈ ಅಳತೆಗೋಲು ಹಿಡಿದರೆ ಕಿಂಗ್ಸ್ ಇಂಡಿಯನ್ ಅದರ ವೈರಿಗಳು ಹೇಳುವುದಕ್ಕಿಂತ ಬಹಳ ದೊಡ್ಡದು. ಅದರ ಅಭಿಮಾನಿಗಳು ಹೇಳುವುದಕ್ಕಿಂತ ಬಹಳ ಕಷ್ಟದ್ದೂ ಹೌದು.

ಮೊದಲು ಇದರ ಮೂಲದ ಬಗ್ಗೆ ಒಂದು ಮಾತು. ಭಾರತದ ಬಹುಭಾಗದ ಹಳೆಯ ಚದುರಂಗದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ದಾಟುವ ಸವಲತ್ತು ಇರಲಿಲ್ಲ. ಒಂದೊಂದೇ ಮನೆ ಮುಂದೆ ಹೋಗಬೇಕು. ಅಂಥ ನಿಯಮದಲ್ಲಿ ಪಳಗಿದ ಕೈ ಸಹಜವಾಗಿಯೇ ಡಿ6, ಜಿ6 ಎಂದು ಸಣ್ಣ ಹೆಜ್ಜೆ ಇಟ್ಟು, ಒಂಟೆಯನ್ನು ಮೂಲೆಯ ಓರೆಸಾಲಿನಲ್ಲಿ ನಿಲ್ಲಿಸುತ್ತದೆ. ಕಿಂಗ್ಸ್ ಇಂಡಿಯನ್‌ನ ವ್ಯೂಹ ಇದೇ. ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಕಲ್ಕತ್ತದಲ್ಲಿ ಜಾನ್ ಕಾಕ್ರೇನ್ ಎಂಬ ಬ್ರಿಟಿಷ್ ವಕೀಲರ ಎದುರು ಆಡಿದ್ದು ಹೀಗೆಯೇ. ಯುರೋಪಿನ ಪ್ರಬಲ ಆಟಗಾರರಲ್ಲಿ ಹೆಚ್ಚಿನವರು ಮೊದಲ ನಡೆಯಲ್ಲೇ ಮಧ್ಯದ ಮನೆಗಳಿಗೆ ಕಾಲಾಳು ನುಗ್ಗಿಸುತ್ತಿದ್ದ ಕಾಲವದು. 1855ರ ಒಂದು ಆಟದಲ್ಲಿ ಮಹೇಶಚಂದ್ರರು ಆಡಿದ ಆರಂಭವನ್ನು ನಾವು ಇಂದು ಗ್ರುನ್‌ಫೆಲ್ಡ್ ಎನ್ನುತ್ತೇವೆ. ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅದನ್ನು ವಿಯೆನ್ನಾದಲ್ಲಿ ಅಲೆಖೈನ್ ಎದುರು ಆಡಿ ಗೆದ್ದದ್ದು 1922ರಲ್ಲಿ, ಅಂದರೆ 67 ವರ್ಷಗಳ ನಂತರ. ಕಾಕ್ರೇನ್ ಈ ಆಟಗಳನ್ನು ಬರೆದಿಟ್ಟದ್ದರಿಂದಲೇ ಅವು ನಮಗೆ ಸಿಕ್ಕಿವೆ. ಅದೇ ದಶಕಗಳಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನು ರಚಿಸುತ್ತಿದ್ದರು. ಹಾಸಿನ ಮೇಲಿನ ಬುದ್ಧಿವಂತಿಕೆಗೆ ಈ ನೆಲದಲ್ಲಿ ಬರವಿರಲಿಲ್ಲ.

ಇಷ್ಟು ಹೇಳಿ ಎದೆಯುಬ್ಬಿಸಿಕೊಂಡು ಕೂರುವುದು ಮಾತ್ರ ತಪ್ಪು. ಹಳೆಯ ನಿಯಮದ ಅಭ್ಯಾಸ ವರವೂ ಆಗಿತ್ತು, ತೊಡಕೂ ಆಗಿತ್ತು. ಪಂಜಾಬಿನ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್‌ನಲ್ಲಿ ಕಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಹಾಗಿದ್ದೂ ಅವರ ಆಟದ ದುರ್ಬಲ ಭಾಗ ಯಾವುದೆಂದರೆ ಓಪನಿಂಗ್. ಮಹೇಶಚಂದ್ರರು ತೋರಿಸಿದ್ದು ಒಂದು ವ್ಯೂಹವನ್ನು. ಆ ವ್ಯೂಹದಿಂದ ಹೊಡೆಯುವುದು ಹೇಗೆ ಎಂಬ ಪೂರ್ಣ ಶಾಸ್ತ್ರ ಬೆಳೆದದ್ದು ಬೇರೆ ಕಡೆ. 1920ರ ದಶಕದಲ್ಲಿ ನಿಮ್ಜೊವಿಚ್, ರೆಟಿ ಮೊದಲಾದವರು ಮಧ್ಯವನ್ನು ಕಾಲಾಳಿನಿಂದ ಆಕ್ರಮಿಸಲೇಬೇಕೆಂದಿಲ್ಲ, ದೂರದಿಂದ ಕಾಯಿಗಳ ಬಲದಿಂದಲೂ ಹತೋಟಿಯಲ್ಲಿಡಬಹುದು ಎಂದು ವಾದಿಸಿ ತಳಹದಿ ಹಾಕಿದರು. ಆದರೆ ಆ ಕಾಲದಲ್ಲೂ ಕಿಂಗ್ಸ್ ಇಂಡಿಯನ್‌ಗೆ ದೊಡ್ಡ ಮರ್ಯಾದೆ ಇರಲಿಲ್ಲ. ಅದಕ್ಕೆ ಜೀವ ತುಂಬಿದವರು ಉಕ್ರೇನಿನ ಡೇವಿಡ್ ಬ್ರಾನ್‌ಸ್ಟೈನ್ ಮತ್ತು ಐಸಾಕ್ ಬೊಲೆಸ್ಲಾವ್‌ಸ್ಕಿ.

ಅವರು ಮಾಡಿದ್ದೇನೆಂದು ತಿಳಿಯಲು 1946ರಲ್ಲಿ ಪ್ರಾಗ್‌ನಲ್ಲಿ ನಡೆದ ಜಿಟಾ–ಬ್ರಾನ್‌ಸ್ಟೈನ್ ಆಟವೊಂದೇ ಸಾಕು. ಕಪ್ಪಿನ ಡಿ6 ಕಾಲಾಳು ಹಿಂದುಳಿದಿದೆ, ದುರ್ಬಲವಾಗಿದೆ. ಅಂದಿನ ಪಾಠಪುಸ್ತಕದ ಪ್ರಕಾರ ಬಿಳಿಗೆ ಸುಖದ ಸ್ಥಿತಿ. ಜಿಟಾ ತಮ್ಮ ಒಂಟೆಯನ್ನು ಎ1 ಮೂಲೆಗೆ ಇಟ್ಟು, ಆನೆಯನ್ನು ಡಿ ಸಾಲಿಗೆ ತಂದು ಆ ಕಾಲಾಳಿಗೆ ಗುರಿ ಇಡುತ್ತಾರೆ. ಬ್ರಾನ್‌ಸ್ಟೈನ್ ಅದನ್ನು ಕಾಯುವುದೇ ಇಲ್ಲ. 20ನೇ ನಡೆಯಲ್ಲಿ ತಮ್ಮ ಆನೆಯನ್ನೇ ಕೊಟ್ಟು ಎ1ರ ಒಂಟೆಯನ್ನು ಹೊಡೆಯುತ್ತಾರೆ. ಬಿಳಿಯ ಪಾಳಯದಲ್ಲಿ ಕಪ್ಪು ಮನೆಗಳನ್ನು ಕಾಯುತ್ತಿದ್ದ ಕಾಯಿ ಅದೊಂದೇ. ಮರುಕ್ಷಣ ಜಿ7ರ ಒಂಟೆ ಡಿ4ಕ್ಕೆ ನುಗ್ಗಿ ಕುದುರೆಯನ್ನು ತೆಗೆಯುತ್ತದೆ, ಆಮೇಲೆ ಕಪ್ಪಿನ ಕುದುರೆ ಬಿ3ಕ್ಕೆ ಹಾರಿ ಎರಡು ಆನೆಗಳ ಮೇಲೆ ಒಟ್ಟಿಗೆ ದಾಳಿ ಇಡುತ್ತದೆ. ಬಿಳಿಯ ಆನೆ ಕೊನೆಗೂ ಡಿ6ರ ಕಾಲಾಳನ್ನು ತಿನ್ನುತ್ತದೆ. ಮರುಕ್ಷಣವೇ ಕಪ್ಪಿನ ರಾಣಿ ಎಫ್2ಕ್ಕೆ ಬಂದು ರಾಜನ ಮಗ್ಗುಲಲ್ಲಿ ನಿಲ್ಲುತ್ತದೆ. ಮೂವತ್ತು ನಡೆಗಳಲ್ಲಿ ಆಟ ಮುಗಿಯಿತು. ದುರ್ಬಲವೆಂದು ಎಲ್ಲರೂ ನಂಬಿದ್ದ ಕಾಲಾಳಿನ ಹಿಂದೆ ಎದುರಾಳಿ ಅಲೆಯುವಾಗ ಅವನ ರಾಜನ ಸುತ್ತಲಿನ ಮನೆಗಳು ಬರಿದಾಗುತ್ತವೆ ಎಂಬುದನ್ನು ಈ ಆಟ ಸಾಬೀತು ಮಾಡಿತು. ಈ ಪರಂಪರೆಯ ನಿಜವಾದ ಕಾಣಿಕೆ ಇದು. ಒಂದು ಸ್ಥಾನದ ದೋಷವನ್ನು ಒಂಟಿಯಾಗಿ ನೋಡದೆ, ಆ ದೋಷಕ್ಕೆ ಬದಲಾಗಿ ಏನು ಸಿಗುತ್ತಿದೆ ಎಂದು ಕೇಳುವುದನ್ನು ಅದು ಕಲಿಸಿತು.

ಮುಂದಿನ ದೊಡ್ಡ ಹೆಜ್ಜೆ 1953ರಲ್ಲಿ. ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾ ಊರಿನಲ್ಲಿ ನಾಯ್ಡಾರ್ಫ್ ಎದುರು ಕಪ್ಪು ಕಾಯಿಯಲ್ಲಿ ಆಡಿ ಗೆದ್ದ ಗ್ಲಿಗೊರಿಚ್ ಒಂದು ಹೊಸ ದಾರಿ ತೆರೆದರು. ಸೋತ ನಾಯ್ಡಾರ್ಫ್ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಜ್ಯೂರಿಕ್‌ನಲ್ಲಿ ಅದೇ ದಾರಿ ಹಿಡಿದು ತಾಯ್ಮನೊವ್ ಅವರನ್ನು ಸೋಲಿಸಿದರು. ಆ ಊರಿನ ಹೆಸರೇ ಈ ಶಾಖೆಗೆ ನಿಂತಿತು. ಇಲ್ಲಿ ಬಿಳಿ ಡಿ5 ಎಂದು ಮಧ್ಯವನ್ನು ಮುಚ್ಚುತ್ತದೆ. ಆಮೇಲೆ ಬಿಳಿಯ ಕಾಲಾಳುಗಳು ರಾಣಿಯ ಮಗ್ಗುಲಲ್ಲಿ, ಕಪ್ಪಿನವು ರಾಜನ ಮಗ್ಗುಲಲ್ಲಿ ಓಡುತ್ತವೆ. ಬಿಳಿ ಗೆದ್ದರೆ ಒಂದು ಕಾಲಾಳು, ಒಂದು ಸಾಲು ಸಿಗುತ್ತದೆ. ಕಪ್ಪು ಗೆದ್ದರೆ ರಾಜನೇ ಸಿಗುತ್ತಾನೆ. ಈ ಅಸಮಾನತೆಯೇ ಕಪ್ಪಿಗಿರುವ ಆಸರೆ.

2010ರಲ್ಲಿ ಬುರ್ಸಾದಲ್ಲಿ ಗೆಲ್ಫಾಂಡ್ ಎದುರು ನಕಾಮುರ ಆಡಿದ್ದು ಈ ಓಟದ ಶುದ್ಧ ಮಾದರಿ. ಬಿಳಿಯ ಕಾಲಾಳು 24ನೇ ನಡೆಗೆ ಸಿ7 ತಲುಪಿತ್ತು. ಬೇರೆ ಯಾವ ಓಪನಿಂಗಿನಲ್ಲೂ ಅಲ್ಲಿಗೆ ಕಪ್ಪಿನ ಕಥೆ ಮುಗಿಯಬೇಕು. ಆದರೆ ಅದರ ಹಿಂದಿನ ನಡೆಯಲ್ಲೇ ಕಪ್ಪಿನ ಕುದುರೆ ಜಿ2ರಲ್ಲಿ ರಾಜನ ಕೋಟೆಯನ್ನು ಒಡೆದಾಗಿತ್ತು. 27ನೇ ನಡೆಯಲ್ಲಿ ಸಿ8ರ ಒಂಟೆ ಎಚ್3ಕ್ಕೆ ಬಂತು. ಅಲ್ಲಿಯವರೆಗೆ ಆ ಒಂಟೆ ಒಂದು ನಡೆಯನ್ನೂ ಆಡಿರಲಿಲ್ಲ! ಬಿಳಿಯ ಕಾಲಾಳು ಸಿ8ರಲ್ಲಿ ರಾಣಿಯಾದರೂ ಮರುನಡೆಗೇ ಸತ್ತಿತು, 33ನೇ ನಡೆಗೆ ಗೆಲ್ಫಾಂಡ್ ಸೋಲೊಪ್ಪಿದರು. ಮನೆ ಬಿಟ್ಟು ಕದಲದ ಒಂಟೆಯನ್ನು ಕಂಡು ‘ಕಾಯಿ ಹೊರಗೆ ತಂದಿಲ್ಲ’ ಎಂದು ಹೊಸ ಕಲಿಕೆಯವರು ಗಾಬರಿಯಾಗುತ್ತಾರೆ. ಬಲ್ಲವರಿಗೆ ಗೊತ್ತು, ಈ ಶಾಖೆಯಲ್ಲಿ ಆ ಒಂಟೆ ಹೋದರೆ ಕಪ್ಪಿನ ದಾಳಿಯ ಅರ್ಧ ಶಕ್ತಿ ಹೋದಂತೆ. ಹೆಸರಾಂತ ಜಿ7ರ ಒಂಟೆಯೇ ಇಲ್ಲಿ ಎಷ್ಟೋ ಹೊತ್ತು ತನ್ನದೇ ಕಾಲಾಳುಗಳ ಹಿಂದೆ ಬಂಧಿಯಾಗಿರುತ್ತದೆ.

ಇನ್ನು ದೋಷಗಳಿಗೆ ಬರೋಣ. ಜಾಗ ಕಡಿಮೆ ಎಂಬುದು ಆರೋಪವಲ್ಲ, ಸತ್ಯ. ಮಧ್ಯವನ್ನು ಬಿಟ್ಟುಕೊಡುವುದೆಂದರೆ ಸಾಲ ತೆಗೆದ ಹಾಗೆ. ಇ5 ಅಥವಾ ಸಿ5, ಆಮೇಲೆ ಎಫ್5 ಎಂದು ಹೊತ್ತಿಗೆ ಸರಿಯಾಗಿ ಹೊಡೆಯದಿದ್ದರೆ ಬಡ್ಡಿ ಬೆಳೆದು ಉಸಿರು ಕಟ್ಟುತ್ತದೆ. ವ್ಲಾದಿಮಿರ್ ಕ್ರಾಮ್ನಿಕ್ ಈ ಸತ್ಯವನ್ನು ಕ್ರೂರವಾಗಿ ತೋರಿಸಿಕೊಟ್ಟರು. 9ನೇ ನಡೆಯಲ್ಲೇ ಬಿ4 ಎಂದು ನುಗ್ಗುವ ಬಯೊನೆಟ್ ಅಟ್ಯಾಕ್‌ನಲ್ಲಿ ಬಿಳಿ ತನ್ನ ಕಡೆಯ ಓಟವನ್ನು ಒಂದೆರಡು ನಡೆ ಮುಂಚೆಯೇ ಶುರು ಮಾಡುತ್ತದೆ. 1997ರಲ್ಲಿ ನವ್‌ಗೊರೊದ್‌ನಲ್ಲಿ ಕ್ರಾಮ್ನಿಕ್ ಇದರಿಂದಲೇ ಕಾಸ್ಪರೋವ್ ಅವರನ್ನು ಸೋಲಿಸಿದರು. ಬಾಲ್ಯದಿಂದ ನೆಚ್ಚಿದ ಈ ಡಿಫೆನ್ಸನ್ನು ಕಾಸ್ಪರೋವ್ ಆಮೇಲೆ ಹೆಚ್ಚುಕಡಿಮೆ ಕೈಬಿಟ್ಟರು. ಜಗತ್ತಿನ ಶ್ರೇಷ್ಠ ಆಟಗಾರನೇ ಬಿಟ್ಟದ್ದನ್ನು ನಾವು ಸಮರ್ಥಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ತಿಂಗಳುಗಟ್ಟಲೆ ಸಿದ್ಧತೆ ಮಾಡಿ ಬರುವ ಕ್ರಾಮ್ನಿಕ್ ಎದುರಿಗಿದ್ದರೆ ಇದು ದುಬಾರಿ ಆಯ್ಕೆ. ಆ ಮಟ್ಟದಲ್ಲಿ ಮಧ್ಯವನ್ನು ಡಿ5ರಿಂದ ಕೂಡಲೇ ಪ್ರಶ್ನಿಸುವ ಗ್ರುನ್‌ಫೆಲ್ಡ್ ಇದಕ್ಕಿಂತ ಗಟ್ಟಿ ಎಂದು ನಾನು ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲಾ ಮಟ್ಟದ ಟೂರ್ನಿಗಳಲ್ಲಿ, ಕ್ಲಬ್ಬಿನ ಆಟಗಳಲ್ಲಿ ಎದುರಾಳಿ ಕ್ರಾಮ್ನಿಕ್ ಅಲ್ಲ. ಅಲ್ಲಿ ಗೆಲುವು ನಿರ್ಧಾರವಾಗುವುದು ಸ್ಥಾನವನ್ನು ಯಾರು ಹೆಚ್ಚು ಅರ್ಥ ಮಾಡಿಕೊಂಡಿದ್ದಾರೆ ಎಂಬುದರಿಂದ.

ನನ್ನ ನಿಜವಾದ ತಕರಾರು ಇರುವುದು ಈ ಡಿಫೆನ್ಸನ್ನು ಕಲಿಸುವ ರೀತಿಯ ಮೇಲೆ. ಕುದುರೆ ಎಫ್6, ಕಾಲಾಳು ಜಿ6, ಒಂಟೆ ಜಿ7, ಕಾಲಾಳು ಡಿ6, ಕ್ಯಾಸ್ಲಿಂಗ್. ಎದುರಾಳಿ ಏನೇ ಆಡಲಿ, ಐದು ನಡೆ ಕಣ್ಣುಮುಚ್ಚಿ ಆಡು ಎಂದು ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ಬಿಳಿಯಲ್ಲಿ ಲಂಡನ್ ಸಿಸ್ಟಂ, ಕಪ್ಪಿನಲ್ಲಿ ಇದು; ಒಟ್ಟಿನಲ್ಲಿ ಯೋಚಿಸುವ ಕಷ್ಟ ಬೇಡ. ಇದು ಈ ಪರಂಪರೆಗೆ ಬಗೆಯುವ ದ್ರೋಹ. ಲಂಡನ್‌ನಲ್ಲಿ ಯೋಚನೆ ಇಲ್ಲದೆ ಆಡಿದರೂ ಸ್ಥಾನ ಕುಸಿಯುವುದಿಲ್ಲ, ಕಿಂಗ್ಸ್ ಇಂಡಿಯನ್‌ನಲ್ಲಿ ಖಂಡಿತ ಕುಸಿಯುತ್ತದೆ. ಆರನೇ ನಡೆಯಿಂದ ಏನು ಮಾಡಬೇಕೆಂದು ತಿಳಿಯದ ಮಗು ಹದಿನೈದನೇ ನಡೆಗೆ ಕಾಯಿ ಇಡಲು ಜಾಗವಿಲ್ಲದೆ ಒದ್ದಾಡುತ್ತದೆ. ಆಮೇಲೆ ‘ಈ ಓಪನಿಂಗ್ ಸರಿಯಿಲ್ಲ’ ಎಂಬ ಮಾತು ಬರುತ್ತದೆ.

ಹಾಗಾಗಿ ಕೋಚ್‌ಗಳಲ್ಲಿ, ಮಕ್ಕಳನ್ನು ಕ್ಲಾಸಿಗೆ ಕಳಿಸುವ ತಂದೆತಾಯಿಗಳಲ್ಲಿ ನನ್ನ ಮನವಿ ಇಷ್ಟೆ. ಮೊದಲು ಇ4ಗೆ ಇ5, ಡಿ4ಗೆ ಡಿ5 ಎಂದು ಎದುರೆದುರು ನಿಂತು ಆಡುವುದನ್ನು ಮಗು ಕಲಿಯಲಿ. ಮಧ್ಯದ ಬೆಲೆ ಗೊತ್ತಿಲ್ಲದವರಿಗೆ ಅದನ್ನು ಬಿಟ್ಟುಕೊಡುವ ಅರ್ಥವೂ ಗೊತ್ತಾಗುವುದಿಲ್ಲ. ಅದು ಕೈಗೆ ಬಂದ ಮೇಲೆ ಕಿಂಗ್ಸ್ ಇಂಡಿಯನ್ ಕೊಡಿ. ಕೊಡುವಾಗ ನಡೆಗಳ ಪಟ್ಟಿಯಿಂದ ಶುರು ಮಾಡಬೇಡಿ. ಬೋರ್ಡ್ ಮುಂದೆ ಕೂರಿಸಿ ಬ್ರಾನ್‌ಸ್ಟೈನ್ ಅವರ ಆ ಆಟವನ್ನು ಬಿಳಿಯ 20ನೇ ನಡೆಯವರೆಗೆ ಆಡಿಸಿ, ಅಲ್ಲಿ ನಿಲ್ಲಿಸಿ, ಕಪ್ಪು ಈಗ ಏನು ಆಡಬೇಕು ಎಂದು ಕೇಳಿ. ಉತ್ತರ ಹೇಳಲು ಅವಸರ ಮಾಡಬೇಡಿ.